ಹನ್ನೆರಡನೆಯ ಸಂಪುಟದ ಗಂಡ

ಕಾದಂಬರಿಮಾಲೆ ಮುಗಿದೊಡನೆ ಅದರ ಪಾತ್ರಗಳು ಊರಿಗೆ ಬಂದು ಸಂಸಾರ ಹೂಡುವುದು ಧಾರವಾಡದಲ್ಲಿ ಹೊಸದೇನೂ ಅಲ್ಲ. ಕೊನೆಯ ಸಂಪುಟದಲ್ಲಿ ಬರೆದಿರುವಂತೆಯೇ ಅವು ಬಾಳಬೇಕು, ಅಷ್ಟೆ. ಆದ್ದರಿಂದ ಪತ್ತೇದಾರಿಣಿ ಶಾಂಭವಿ ಒಂದು ಬೆಳಿಗ್ಗೆ ಗಂಡನೊಂದಿಗೆ ಬಾಗಿಲಲ್ಲಿ ನಿಂತಾಗ ಕಾದಂಬರಿಕಾರ ವಾದಿರಾಜ ಕಟ್ಟಿಯವರಿಗೆ ಆಶ್ಚರ್ಯವಾಗಲಿಲ್ಲ.

"ಹನ್ನೊಂದು ಸಂಪುಟ ಕಳ್ಳರನ್ನ ಹಿಡಿದೆ. ಹನ್ನೆರಡನೇದರಾಗ ನನ್ನ ಈ ಕಂಪೌಂಡರಗ ಕಟ್ಟಿ ಕೈ ತೊಳಕೊಂಡ್ರಿ!"

"ಓದುಗರು ಮದುವಿ ಕೇಳಿದ್ರವ್ವಾ."

"ಓದುಗರೂ ಬೈಯಾಕತ್ತಾರ. ಅದಿರ್ಲಿ, ಇವರಿಗೆ ನೀವು ಬರದದ್ದು ಒಂದ ಮಾತು. ಕೇಳ್ರಿ." ಶಾಂಭವಿ ಗಂಡನತ್ತ ತಿರುಗಿದಳು. "ಏನ್ರೀ, ಗ್ಯಾಸ್ ತೀರೇತಿ."

"ನಿನ್ನ ಕಣ್ಣಿನಲ್ಲಿ ನನಗೆ ಬೆಳದಿಂಗಳು ಕಾಣುತ್ತದೆ," ಎಂದ ಗಂಡ, ಬೆವರೊರೆಸಿಕೊಳ್ಳುತ್ತ.

"ನಾಕು ತಿಂಗಳಾತ್ರಿ, ಬರೇ ಇದ!"

ಕಟ್ಟಿಯವರು ತಲೆ ತಗ್ಗಿಸಿದರು. ಆ ಸಂಪುಟವನ್ನು ಅವರು ಒಂಬತ್ತೇ ದಿನಗಳಲ್ಲಿ ಮುಗಿಸಿದ್ದರು. ಇನ್ನು ಮುಂದೆ ಬರೆಯುವುದಿಲ್ಲವೆಂದು ತುಂಬಿದ ಸಭೆಯಲ್ಲಿ ಸಾರಿಯೂ ಬಿಟ್ಟಿದ್ದರು.

"ಬರೀತೀರೋ, ಇವರನ್ನ ಇಲ್ಲೇ ಬಿಟ್ಟು ಹೋಗ್ಲೋ?"

ಗಂಡ ಕಟ್ಟಿಯವರ ಕಣ್ಣನ್ನೇ ದಿಟ್ಟಿಸಿ ನೋಡಿ ಬಾಯಿ ತೆರೆದ. ಕಟ್ಟಿಯವರು ಅವಸರದಿಂದ ಪೆನ್ನು ತೆಗೆದರು.

"ಕೊಲ್ಲಬ್ಯಾಡ್ರಿ, ಪಾಪದ ಮನಶ್ಯಾ," ಎಂದಳು ಶಾಂಭವಿ. "ಬೀದರಕ್ಕ ವರ್ಗಾ ಮಾಡ್ರಿ ಸಾಕು."

ಹದಿಮೂರನೆಯ ಸಂಪುಟದ ಮೊದಲ ಸಾಲಿನಲ್ಲಿ ಅವರು ವರ್ಗಾವಣೆಯ ಆದೇಶ ಬರೆದರು. ಕನಿಕರ ಹುಟ್ಟಿ, ಗಂಡನು ಇನ್ನು ಮೇಲೆ ಮನಸ್ಸಿಗೆ ಬಂದದ್ದನ್ನು ಮಾತಾಡಬಹುದೆಂದೂ ಸೇರಿಸಿದರು. ಅವನ ಮನಸ್ಸಿನಲ್ಲಿ ಏನಿದೆಯೋ ಎಂದು ಶಾಂಭವಿ ಮೊದಲ ಬಾರಿಗೆ ಕಿವಿಗೊಟ್ಟು ನಿಂತಳು.

ಗಂಡ ಗಂಟಲು ಸರಿಮಾಡಿಕೊಂಡ.

"ಸರ, ಇವತ್ತ ಹೊಂಟರ ನಡೀತದೇನ್ರಿ?"