ದಿನಕ್ಕೆ ಹತ್ತು ಓದುಗರು

“ಈ ವಾರ ದಿನಕ್ಕೆ ಹತ್ತು ಜನ ಓದುಗರು ಬರಲಿಲ್ಲ ಅಂದ್ರೆ ಈ ಶಾಖೆಗೆ ಬೀಗ. ಸೋಮವಾರ ಮೇಲಿನವರು ಹಾಜರಿ ಪುಸ್ತಕ ನೋಡೋಕೆ ಬರ್ತಾರೆ,” ಎಂದು ಗ್ರಂಥಪಾಲಕಿ ಹೇಳಿದಾಗ ಕಂಡಕ್ಟರನ ಪೆನ್ಸಿಲ್ ಹಾಳೆಯ ಮೇಲೆ ಗಕ್ಕನೆ ನಿಂತಿತು. ಓದುವ ಕೋಣೆಯಲ್ಲಿದ್ದವರು ಅವರಿಬ್ಬರೇ. ಗೋಡೆ ಗಡಿಯಾರವನ್ನೂ ಸೇರಿಸಿಕೊಂಡರೆ ಮೂವರು.

ಈ ಜಾಗ ಅವನಿಗೆ ಸುಮ್ಮನೆ ಸಿಕ್ಕಿದ್ದಲ್ಲ. ದೊಡ್ಡ ಗ್ರಂಥಾಲಯದಲ್ಲಿ ಪೇಪರ್ ಓದಲು ಬಂದವರು ಅರ್ಧ ಗಂಟೆಗೊಂದು ಸರ್ಕಾರ ಬೀಳಿಸುತ್ತಿದ್ದರು. ಬಡಾವಣೆಯದರಲ್ಲಿ ಬೆಳಗ್ಗೆ ಆರಕ್ಕೇ ಎಲ್ಲ ಕುರ್ಚಿಗಳ ಮೇಲೂ ಕರವಸ್ತ್ರ ಹಾಸಿರುತ್ತಿತ್ತು. ಕರವಸ್ತ್ರದ ಒಡೆಯರು ಹತ್ತೂವರೆಗೆ ಆಕಳಿಸುತ್ತಾ ಬರುತ್ತಿದ್ದರು. ಇನ್ನೊಂದು ಕಡೆ ಸದ್ದೇನೋ ಇರಲಿಲ್ಲ, ಪುಸ್ತಕಗಳೂ ಇರಲಿಲ್ಲ. ಮನೆಯಲ್ಲಂತೂ ಅತ್ತೆಯ ಟಿವಿ, ಅವಳಿ ಹೆಣ್ಣುಮಕ್ಕಳ ಹಗ್ಗದಾಟ. ಚೆಕಿಂಗ್ ಇನ್‌ಸ್ಪೆಕ್ಟರ್ ಪರೀಕ್ಷೆಯಲ್ಲಿ ಅವನು ಆಗಲೇ ಮೂರು ಸಲ ಮುಗ್ಗರಿಸಿದ್ದ. ಅವನಿಂದಲೇ ಟಿಕೆಟ್ ಹರಿಯಲು ಕಲಿತ ಹುಡುಗ ಹೋದ ವರ್ಷ ಪಾಸಾಗಿ, ಈಗ ವಾರಕ್ಕೆರಡು ಸಲ ಇವನ ಬಸ್ಸನ್ನೇ ಹತ್ತಿ, “ಅಣ್ಣಾ, ಸ್ವಲ್ಪ ಪಕ್ಕಕ್ಕೆ ನಿಂತ್ಕೋ, ಜನ ಎಣಿಸ್ಬೇಕು,” ಎನ್ನುತ್ತಿದ್ದ. ಈ ಹಿಂದಿನ ಬೀದಿಯ ಮಹಡಿಯಲ್ಲಾದರೆ ಮೋಟಾರು ಕಾಯಿದೆಯ ಆರು ಸಂಪುಟಗಳೂ ಇದ್ದವು. ರೆಪ್ಪೆ ಮುಚ್ಚಿದರೆ ಕೇಳಿಸುವಷ್ಟು ನಿಶ್ಶಬ್ದ.

“ಅಲ್ಲಾ ಮೇಡಂ, ಜನ ಬಂದ್ರೆ ಗಲಾಟೆ ಆಗಲ್ವಾ?”

“ಬರದಿದ್ರೆ ಬಾಗಿಲು ಮುಚ್ಚಲ್ವಾ? ಮೆಲ್ಲಗೆ ಮಾತಾಡಿ ಕಂಡಕ್ಟರ್ರೇ.”

“ಇದೇ ಮೆಲ್ಲಗೆ ಮೇಡಂ. ಹದಿನಾರು ವರ್ಷ ಬಸ್ಸಲ್ಲಿ ಕೂಗಿದ ಗಂಟಲು.” ಅವನು ಹಾಜರಿ ಪುಸ್ತಕವನ್ನು ತನ್ನತ್ತ ಎಳೆದುಕೊಂಡ. “ಜನ ಬರಬಾರ್ದು. ಬಂದಿರಬೇಕು, ಅಷ್ಟೇ.”

ಮಧ್ಯಾಹ್ನ ಎರಡರವರೆಗಿನ ತನ್ನ ಬಸ್ ಪಾಳಿಯಲ್ಲಿ ದಿನವೂ ಹತ್ತುವ ಪಾಸಿನವರ ಹೆಸರೆಲ್ಲ ಅವನಿಗೆ ಬಾಯಿಪಾಠ. ತಾನೂ ಸೇರಿ ಹತ್ತಾಗುವಂತೆ ಅವರಲ್ಲಿ ಒಂಬತ್ತು ಜನರನ್ನು ಆರಿಸಿ, ಬಲಗೈ ಎಡಗೈ ಎರಡರಲ್ಲೂ ಸಹಿ ಹಾಕಿ, ವೃತ್ತಿ ತುಂಬಿ, ಒಬ್ಬೊಬ್ಬರಿಗೂ ತಾನು ಓದಿಸಬೇಕೆಂದಿದ್ದ ಪುಸ್ತಕ ಕೊಟ್ಟ. ಬಾಗಿಲಲ್ಲೇ ಜೋತುಬೀಳುವ ದರ್ಜಿಗೆ ಮೂಳೆ ಮುರಿತದ ಚಿಕಿತ್ಸೆ. ಫೋನಿನಲ್ಲಿ ಊರೆಲ್ಲ ಕೇಳುವಂತೆ ಸೊಸೆಯನ್ನು ಜಾಲಾಡಿಸುವ ಟೀಚರಮ್ಮನಿಗೆ ಧ್ಯಾನ. ಮೊದಲ ದಿನ ಗ್ರಂಥಪಾಲಕಿ, “ಅಯ್ಯೋ, ನನ್ನ ಕೆಲಸ ಹೋಗತ್ತೆ ಕಣ್ರೀ!” ಎಂದು ತಲೆ ಚಚ್ಚಿಕೊಂಡರು. ಮೂರನೆಯ ದಿನ ಅವರೇ ಬಂದು, “ಟೀಚರಮ್ಮನಿಗೆ ಧ್ಯಾನದಿಂದ ಏನೂ ಉಪಯೋಗ ಆದಹಾಗಿಲ್ಲ. ಇವತ್ತು ತೋಟಗಾರಿಕೆ ಕೊಡೋಣ,” ಎಂದರು.

ಸೋಮವಾರ ಮೂರು ಗಂಟೆಗೆ ಮೆಟ್ಟಿಲು ಸದ್ದಾಯಿತು. ಬೂದು ಸಫಾರಿಯ ಅಧಿಕಾರಿಯನ್ನು ಕಂಡದ್ದೇ ಕಂಡಕ್ಟರ್ ಕುರ್ಚಿಯಿಂದ ಎದ್ದು ನಿಂತ. ದಿನವೂ ಹನ್ನೆರಡರ ಬಸ್ಸಿಗೆ ಹತ್ತಿ, ಕಿಟಕಿಗೆ ತಲೆ ಕೊಟ್ಟು ಗೊರಕೆ ಹೊಡೆದು, ಮನೆಯ ಸ್ಟಾಪಿನಲ್ಲಿ ಇವನಿಂದಲೇ ಎಬ್ಬಿಸಿಕೊಂಡು ಇಳಿಯುವ ಪಾಸಿನ ಯಜಮಾನರು! ಹಾಜರಿ ಪುಸ್ತಕದಲ್ಲಿ ಆರೂ ದಿನ ಅವರ ಹೆಸರಿತ್ತು, ಎದುರಿಗೆ ಜೇನು ಸಾಕಣೆ ಪುಸ್ತಕ. ಮಧ್ಯಾಹ್ನಕ್ಕೇ ಮನೆ ಸೇರುವವರಿಗೆ ಇನ್ನೇನು ಕೆಲಸವೆಂದು, ವೃತ್ತಿಯ ಕಾಲಮ್ಮಿನಲ್ಲಿ ‘ನಿವೃತ್ತ’ ಎಂದೂ ಬರೆದಾಗಿತ್ತು.

ಅಧಿಕಾರಿ ಖಾಲಿ ಕುರ್ಚಿಗಳನ್ನು ನೋಡಿದರು. “ಎಲ್ರೀ ನಿಮ್ಮ ಓದುಗರು?”

ಗ್ರಂಥಪಾಲಕಿ ಬಾಯಿ ತೆರೆಯುವ ಮೊದಲೇ ಕಂಡಕ್ಟರನ ನಾಲಿಗೆ ಓಡಿತು. “ಈಗ ತಾನೇ ಇಳಿದ್ರು ಸಾರ್.”

ಅಧಿಕಾರಿಯ ಬೆರಳು ಶನಿವಾರದ ಪುಟದಲ್ಲಿ ದರ್ಜಿಯನ್ನು ದಾಟಿತು, ಟೀಚರಮ್ಮನನ್ನು ದಾಟಿತು, ಆರನೆಯ ಸಾಲಿನಲ್ಲಿ ನಿಂತಿತು. ಅವರು ಹಿಂದಿನ ಪುಟ ತಿರುಗಿಸಿದರು. ಅದರ ಹಿಂದಿನದನ್ನೂ ತಿರುಗಿಸಿದರು. ಕತ್ತೆತ್ತಿ ಕಂಡಕ್ಟರನನ್ನು ದಿಟ್ಟಿಸಿದರು. ಖಾಕಿಯ ಗುರುತು ಹತ್ತಿತು. ಗ್ರಂಥಪಾಲಕಿ ಫ್ಯಾನಿನ ರೆಕ್ಕೆ ಎಣಿಸತೊಡಗಿದರು.

ಆಮೇಲೆ ಅಧಿಕಾರಿ ಚೀಲದಿಂದ ತಮ್ಮ ಡೈರಿಯನ್ನು ತೆಗೆದು ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟರು. ಕಂಡಕ್ಟರ್ ಕತ್ತು ಉದ್ದ ಮಾಡಿ ಓದಿದ. ಕಳೆದ ಆರೂ ದಿನಗಳ ಮುಂದೆ ಒಂದೇ ಒಕ್ಕಣೆ: ‘ಮಧ್ಯಾಹ್ನ: ಶಾಖಾ ಗ್ರಂಥಾಲಯದ ತಪಾಸಣೆ.’

ಕೋಣೆಯಲ್ಲಿ ಗಡಿಯಾರವೊಂದೇ ಧೈರ್ಯವಾಗಿ ಮಾತಾಡುತ್ತಿತ್ತು. ಅಧಿಕಾರಿ ಹಣೆ ಒರೆಸಿಕೊಂಡು, ಪೆನ್ನು ಬಿಚ್ಚಿ, ಆರು ಕಡೆ ‘ನಿವೃತ್ತ’ವನ್ನು ಹೊಡೆದುಹಾಕಿ ‘ತಪಾಸಣಾಧಿಕಾರಿ’ ಎಂದು ಬರೆದರು. ಕೆಳಗೆ, ‘ಓದುಗರ ಸಂಖ್ಯೆ ತೃಪ್ತಿಕರ. ಶಾಖೆಯನ್ನು ಮುಂದುವರಿಸತಕ್ಕದ್ದು’ ಎಂದು ಷರಾ ಹಾಕಿ ಮೊಹರು ಒತ್ತಿದರು.

ಕಂಡಕ್ಟರ್ ಮೋಟಾರು ಕಾಯಿದೆಯ ನಾಲ್ಕನೆಯ ಸಂಪುಟಕ್ಕೆ ಕೈಹಾಕಿದ. ಬಾಗಿಲ ತನಕ ಹೋಗಿದ್ದ ಅಧಿಕಾರಿ ತಿರುಗಿ ಬಂದು, ಅವನ ಕಿವಿಯ ಹತ್ತಿರ ಬಾಗಿದರು.

“ಅಲ್ರೀ, ಆರು ದಿನದಿಂದ ಜೇನು ಸಾಕಣೆ ಪುಸ್ತಕ ಓದ್ತಾ ಇದೀನಲ್ಲ, ಯಾರಾದ್ರೂ ಕೇಳಿದ್ರೆ ಹೇಳ್ಬೇಕು. ಎಷ್ಟನೇ ಪುಟಕ್ಕೆ ಬಂದಿದೀನಿ?”