ಎದುರಾಳಿ ಇಲ್ಲದ ಆಟ

ಎಂದೋ ನಿಂತುಹೋಗಿದ್ದ ಸಾಫ್ಟ್‌ಬಾಲನ್ನು ಹೈಸ್ಕೂಲಿನಲ್ಲಿ ಮತ್ತೆ ಆಡಿಸೋಣ ಎಂದು ಪಿ.ಟಿ. ಮೇಷ್ಟ್ರು ಹಾಲಪ್ಪ ಹೇಳಿದಾಗಲೇ ಇದರಲ್ಲಿ ಏನೋ ಮಸಲತ್ತು ಇದೆ ಎಂದು ಮುಖ್ಯೋಪಾಧ್ಯಾಯಿನಿ ದಾಕ್ಷಾಯಣಿಗೆ ಅನಿಸಿತು.

"ಬೇಸ್‌ಬಾಲ್ ಥರದ್ದೇ, ಚೆಂಡನ್ನ ಕೈ ಕೆಳಗಿಂದ ಮೆತ್ತಗೆ ಎಸೀತಾರೆ ಮೇಡಂ. ಯಾರು ಬೇಕಾದ್ರೂ ಹೊಡೀಬಹುದು."

"ನಮ್ಮ ಹುಡುಗೀರು ಕಬಡ್ಡಿ ಚೆನ್ನಾಗೇ ಆಡ್ತಾರಲ್ರೀ. ಇದ್ಯಾಕೆ ಈಗ? ನಿಜ ಹೇಳಿ."

ಹಾಲಪ್ಪ ಎದ್ದು ಬಾಗಿಲು ಮುಂದೆ ಮಾಡಿ ಬಂದರು. "ಕಬಡ್ಡೀಲಿ ಪ್ರತಿವರ್ಷ ಫೈನಲ್‌ನಲ್ಲಿ ಸೋಲ್ತೀವಿ. ತಾಲ್ಲೂಕಲ್ಲಿ ಸಾಫ್ಟ್‌ಬಾಲ್ ಆಡೋ ಶಾಲೆ ಒಂದೂ ಇಲ್ಲ. ಹೆಸರು ಕೊಟ್ರೆ ಸಾಕು, ಆಡದೇನೇ ಜಿಲ್ಲಾ ಮಟ್ಟಕ್ಕೆ."

ಆ ಶಾಲೆಯ ಯಾವ ತಂಡವೂ ಈವರೆಗೆ ಜಿಲ್ಲಾ ಮಟ್ಟ ಕಂಡಿರಲಿಲ್ಲ. ದಾಕ್ಷಾಯಣಿ ಒಪ್ಪಿದರು. ಕಬಡ್ಡಿ ಹುಡುಗಿಯರ ಕೈಗೇ ಬ್ಯಾಟು ಬಂತು. ಅಂದಿನಿಂದ ದಾಕ್ಷಾಯಣಿಗೆ ಎಲ್ಲರ ಮೇಲೂ ಅನುಮಾನ. ಗೇಟು ಹಾಕಿಸಿಯೇ ಅಭ್ಯಾಸ. ಪಕ್ಕದೂರಿನ ಪಿ.ಟಿ. ಟೀಚರ್ ಮಗಳ ಮದುವೆಗೆ ಕರೆಯಲು ಬಂದಾಗ ಬ್ಯಾಟುಗಳು ಬಿಸಿಯೂಟದ ಕೋಣೆ ಸೇರಿದವು.

"ಆಯಮ್ಮ ಮೈದಾನದ ಕಡೆ ಯಾಕೆ ನೋಡಿದ್ಲು?"

"ಕಾರ್ಡ್ ಕೊಡೋಕೆ ಬಂದಿದ್ರು, ಅಷ್ಟೇ ಮೇಡಂ."

"ಕಾರ್ಡ್ ಕೊಡೋರು ಮುಖ ನೋಡ್ತಾರೆ ಕಣ್ರೀ, ಮೈದಾನ ನೋಡಲ್ಲ."

ತಾಲ್ಲೂಕು ಕ್ರೀಡಾಕೂಟದ ದಿನ ಬ್ಯಾಟುಗಳನ್ನು ಗೋಣಿಚೀಲದಲ್ಲಿ ಮುಚ್ಚಿಟ್ಟುಕೊಂಡೇ ಬಂದರು. ಹೆಸರು ಬರೆಸುವ ಸಾಲಿನಲ್ಲಿ ಪಕ್ಕದೂರಿನ ಟೀಚರ್ ಕೈಯಲ್ಲೂ ಒಂದು ಗೋಣಿಚೀಲ. ಸಾಲಿನುದ್ದಕ್ಕೂ ಗೋಣಿಚೀಲಗಳೇ, ಎಲ್ಲದರಿಂದಲೂ ಬ್ಯಾಟಿನ ಹಿಡಿ ಇಣುಕುತ್ತಿತ್ತು.

"ನಿಮ್ಮದೂ ಸಾಫ್ಟ್‌ಬಾಲಾ ಮೇಡಂ?" ಮೇಜಿನ ಹಿಂದಿದ್ದವರು ನಕ್ಕರು. "ಕಬಡ್ಡಿಗೆ ಒಂದೇ ಒಂದು ಶಾಲೆ ಬಂತು ನೋಡಿ. ಆಡದೇನೇ ಜಿಲ್ಲಾ ಮಟ್ಟಕ್ಕೆ ಹೋಯ್ತು."