ಟ್ಯಾಬಿನಲ್ಲಿ ಕಟ್ಟದ ತಾಳಿ

ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೇ ಟ್ಯಾಬ್ ನಿಂತುಹೋಯಿತು. ಮದುಮಗನ ಎರಡೂ ಕೈ ಸಿಂಧುವಿನ ಕತ್ತಿನ ಹತ್ತಿರ ಹೋಗಿವೆ, ಅರಿಶಿನದ ದಾರ ಇನ್ನೂ ಅವನ ಬೆರಳಲ್ಲೇ ಇದೆ, ಹಿಂದೆ ನಿಂತ ಸೋದರಮಾವ ತೆರೆದ ಬಾಯಿ ಮುಚ್ಚಿಲ್ಲ. ಪಕ್ಕದ ಟಿವಿಯಲ್ಲೂ ಮೊಬೈಲಿನಲ್ಲೂ ಗಟ್ಟಿಮೇಳ ಬಾರಿಸಿ, ತಾಳಿ ಕಟ್ಟಿ, ಅಕ್ಷತೆ ಬಿದ್ದು ಎಲ್ಲ ಮುಗಿಯಿತು. ಟ್ಯಾಬಿನ ಗಂಡು ಮಾತ್ರ ಅಲ್ಲಾಡಲಿಲ್ಲ. ಕವಿತ ಅದನ್ನು ಬೆರಳಿನಿಂದ ಎರಡು ಸಲ ತಟ್ಟಿ ನೋಡಿದಳು.

ಮದುವೆ ನಡೆಯುತ್ತಿದ್ದದ್ದು ಕೊಳ್ಳೇಗಾಲದ ಛತ್ರದಲ್ಲಿ. ಕವಿತ ಕೂತಿದ್ದದ್ದು ಯಳಂದೂರಿನಲ್ಲಿ, ಮದುಮಗಳ ಅಜ್ಜಿ ಚನ್ನಮಲ್ಲಮ್ಮನವರ ಮಂಚದ ಪಕ್ಕ. ಅಜ್ಜಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಮನೆಯಲ್ಲೇ ಉಳಿದಿದ್ದರು. ಮದುವೆಯ ಲೈವ್ ತೋರಿಸುವ ಸ್ಟುಡಿಯೋಗಳು ಈಗ ಬೀದಿಗೊಂದು. ಅವುಗಳ ನಡುವೆ ತನ್ನದು ಬೇರೆ ಎನಿಸಿಕೊಳ್ಳಬೇಕೆಂದು ಕವಿತಳ ಸಾಹುಕಾರ, ಸ್ಟುಡಿಯೋ ಶಿವಶಂಕರ, ಹೊಸದೊಂದು ಪದ್ಧತಿ ಶುರುಮಾಡಿದ್ದ. ನೋಡುವವರ ಮನೆಗೇ ಒಬ್ಬರನ್ನು ಕಳಿಸಿ, ಟಿವಿ, ಮೊಬೈಲ್, ಟ್ಯಾಬ್ ಮೂರನ್ನೂ ಸಾಲಾಗಿ ಇಟ್ಟು, ಚಿತ್ರ ನೆಟ್ಟಗೆ ಬರುತ್ತಿದೆಯೇ ಎಂದು ಕಾವಲು ಕಾಯಿಸುವುದು. ಅದಕ್ಕೆ 'ಕ್ವಾಲಿಟಿ ಚೆಕಿಂಗ್' ಎಂದು ಹೆಸರಿಟ್ಟು ಬೋರ್ಡಿನಲ್ಲೂ ಬರೆಸಿದ್ದ. ಬೆಳಿಗ್ಗೆ ಫೋನಿನಲ್ಲಿ, ಅಜ್ಜಿಗೂ ಕೇಳಲೆಂದು ಸ್ಪೀಕರ್ ಹಾಕಿಸಿ ಜಂಬ ಕೊಚ್ಚಿದ್ದ. "ಮೂರರಲ್ಲೂ ನೆಟ್ಗೆ ಬಂದ್ರೇನೇ ಮದ್ವೆ ಆದಂಗೆ ಕಣಮ್ಮ. ಒಂದ್ರಲ್ಲಿ ಕೈಕೊಟ್ರೂ ನಮ್ ಲೆಕ್ಕದಲ್ಲಿ ಮದ್ವೆ ಆಗಿಲ್ಲ, ತಿಳ್ಕೊ!"

ಕವಿತ ಆ ಮಾತನ್ನು ಆಗಲೇ ಮರೆತಿದ್ದಳು. ಅಜ್ಜಿ ಮರೆತಿರಲಿಲ್ಲ.

"ಅಜ್ಜಿ, ಅಕ್ಷತೆ ಆಕ್ಬುಡಿ. ತಾಳಿ ಕಟ್ಟಾಯ್ತು."

"ಎಲ್ಲಿ ಕಟ್ಟಾಯ್ತು? ಈ ಸಿಲೇಟಲ್ಲಿ ಕಟ್ಟಿಲ್ವಲ್ಲ! ಮೂರರಲ್ಲೂ ಆಗ್ಬೇಕು ಅಂತ ನಿಮ್ ಸಾವ್ಕಾರನೇ ಯೋಳ್ಲಿಲ್ವಾ?"

"ಅಯ್ಯೋ, ಮದ್ವೆ ಒಂದೇ ಅಜ್ಜಿ. ಇಲ್ಲಿ ನೆಟ್ ನಿಂತೋಗದೆ, ಅಷ್ಟೆಯ."

"ನೆಟ್ಟೂ ನಿಂತದೆ, ಗಂಡೂ ನಿಂತವ್ನೆ. ಕಟ್ಲಿ, ಆಮೇಕೆ ಆಕ್ತೀನಿ."

ಬೆಳಗಿನಿಂದ ಅಜ್ಜಿ ಒಂದು ಲೋಟ ನೀರು ಬಿಟ್ಟರೆ ಏನನ್ನೂ ಮುಟ್ಟಿರಲಿಲ್ಲ. ಮೊಮ್ಮಗಳಿಗೆ ಅಕ್ಷತೆ ಹಾಕದೆ ಬಾಯಿಗೆ ತುತ್ತಿಡುವುದಿಲ್ಲವೆಂಬ ಹಟ. ಸಕ್ಕರೆ ಕಾಯಿಲೆ ಬೇರೆ. "ಅಜ್ಜಿ ಉಂಡ್ರು ಅಂತ ನಿನ್ ಫೋನ್ ಬರೋಗಂಟ ನಾನು ಎಲೆಗೆ ಕೈ ಆಕಲ್ಲ" ಎಂದು ಸಿಂಧು ಕವಿತಳಿಗೆ ಹೇಳಿ ಕಳಿಸಿದ್ದಳು. ಈಗ ನೋಡಿದರೆ ಅಕ್ಷತೆ ಹಿಡಿದ ಅಜ್ಜಿಯ ಮುಷ್ಟಿ ಸಣ್ಣಗೆ ನಡುಗುತ್ತಿದೆ, ಹಣೆ ಬೆವರಿದೆ. ಈ ಮುದುಕಿ ನನ್ನ ಕಣ್ಣೆದುರೇ ತಲೆಸುತ್ತಿ ಬಿದ್ದರೆ ಗತಿಯೇನಪ್ಪಾ ಎಂದು ಕವಿತಳಿಗೆ ನಿಜಕ್ಕೂ ಭಯವಾಯಿತು.

ಅವಳು ಟ್ಯಾಬನ್ನು ಆರಿಸಿ ಮತ್ತೆ ಹಚ್ಚಿದಳು. ಅದೇ ದೊಡ್ಡ ಎಡವಟ್ಟಾಯಿತು. ಅದು ಮುಲುಕಿ ಮುಲುಕಿ ನೆಟ್ ಹಿಡಿಯುವಷ್ಟರಲ್ಲಿ ಛತ್ರದಲ್ಲಿ ಶಾಸ್ತ್ರಗಳೆಲ್ಲ ಮುಗಿದಿದ್ದವು. ಕಳೆದುಹೋದದ್ದನ್ನು ತೋರಿಸುವ ಗೋಜಿಗೇ ಹೋಗದೆ ಟ್ಯಾಬ್ ನೇರ ಊಟದ ಮನೆಯನ್ನು ತೋರಿಸಿತು. ಎಲೆಯ ಮುಂದೆ ಮದುಮಗ, ಪಕ್ಕದಲ್ಲಿ ಸಿಂಧು.

"ಶಿವ ಶಿವಾ!" ಅಜ್ಜಿ ಮುರಿದ ಕಾಲನ್ನೂ ಮರೆತು ಎದ್ದು ಕೂತರು. "ತಾಳೀನೇ ಕಟ್ಟಿಸ್ಕಳ್ದೆ ಅವ್ನ ಪಕ್ಕ ಊಟಕ್ಕೆ ಕೂತವ್ಳಲ್ಲಾ! ನಮ್ ವಂಸದಲ್ಲಿ ಇಂಥದ್ದ ಯಾರ್ ಮಾಡಿದ್ರು?"

"ಟಿವೀಲಿ ಕಟ್ಟಿದ್ದ ನೀವೇ ನೋಡಿದ್ರಲ್ಲಜ್ಜಿ!"

"ಟಿವಿ ಕೂಸು ಬಚಾವಾದ್ಲು. ಇವಳ ಗತಿ?"

ಇನ್ನು ವಾದ ಮಾಡಿ ಫಲವಿಲ್ಲ. ಲೈವ್ ಬರುತ್ತಿದ್ದ ಮೊಬೈಲನ್ನೇ ಎತ್ತಿಕೊಂಡು ಕವಿತ ಛತ್ರದಲ್ಲಿದ್ದ ಶಿವಶಂಕರನಿಗೆ ಫೋನ್ ಮಾಡಿ, ಟ್ಯಾಬಿಗಾಗಿ ಇನ್ನೊಂದು ಸಲ ತಾಳಿ ಕಟ್ಟಿಸಬೇಕೆಂದಳು. ಅವನು ಮೊದಲು ನಕ್ಕ, ಆಮೇಲೆ ಬೈದ, ಸಿಂಧು ಎಲೆ ಮುಂದೆ ಕೈಕಟ್ಟಿ ಕೂತಿರುವುದನ್ನು ಕಂಡು ತೆಪ್ಪಗಾದ. "ಅಯ್ನೋರು ಒಪ್ಪಲ್ಲ ಕಣಮ್ಮ. ಕಟ್ಟಿದ್ ತಾಳಿ ಬಿಚ್ಚದುಂಟಾ?" ಎಂದ. ಅಷ್ಟರಲ್ಲಿ ಸಿಂಧು ಅವನ ಕೈಯಿಂದ ಫೋನ್ ಕಿತ್ತುಕೊಂಡಳು. "ತಾಳಿ ಯಾಕೆ? ಅರಿಸಿನದ ಕೊಂಬು ಕಟ್ಲಿ. ನಮ್ಮಜ್ಜಿ ಉಂಡ್ರೆ ಸಾಕು" ಎಂದಳು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಕವಿತಳಿಗೆ ತಿಳಿಯಲಿಲ್ಲ. ಅಡುಗೆಯವರು ಕೊಂಬು ತಂದರು. ಓಲಗದವರನ್ನು ಎಂಜಲು ಕೈಯಲ್ಲೇ ಎಬ್ಬಿಸಿ ಕರೆತಂದರು. ಮದುಮಗ, ಪಾಪ, ಬಾಯಲ್ಲಿದ್ದ ಒಬ್ಬಟ್ಟನ್ನು ಒಂದು ಕೆನ್ನೆಗೆ ತಳ್ಳಿಕೊಂಡು, ಕ್ಯಾಮೆರಾಕ್ಕೆ ಕಾಣುವ ಹಾಗೆ ಬಗ್ಗಿ ಮೂರು ಗಂಟು ಹಾಕಿದ.

ಈ ಸಲ ಟ್ಯಾಬ್ ಕೈಕೊಡಲಿಲ್ಲ. ಗಂಟು ಒಂದೊಂದೂ ನಿಚ್ಚಳವಾಗಿ ಕಂಡಿತು. "ನೂರ್ಕಾಲ ಬಾಳು ನನ್ ಕಂದಾ" ಎಂದು ಅಜ್ಜಿ ಕಣ್ಣೀರು ಹಾಕಿಕೊಂಡು ಟ್ಯಾಬಿನ ಮೇಲೆ ಅಕ್ಷತೆ ಎರಚಿದರು. ಕವಿತಳಿಗೆ ಹೋದ ಜೀವ ಬಂದ ಹಾಗಾಯಿತು. ಓಡಿಹೋಗಿ ಉಪ್ಪಿಟ್ಟಿನ ತಟ್ಟೆ ತಂದು ಅಜ್ಜಿಯ ಕೈಗೆ ಕೊಟ್ಟಳು.

ಟಿವಿಯಲ್ಲಿ ಎಲ್ಲವೂ ಕೊಂಚ ತಡವಾಗಿ ಬರುತ್ತಿತ್ತು. ಅದನ್ನು ಆರಿಸಬೇಕೆಂದು ಅವಳಿಗೆ ಹೊಳೆದಿರಲೇ ಇಲ್ಲ. ಅಜ್ಜಿ ಮೊದಲ ತುತ್ತು ಎತ್ತಿದರು, ಟಿವಿಯಲ್ಲಿ ಗಟ್ಟಿಮೇಳ ಮೊಳಗಿತು. ಮದುಮಗ ಬಗ್ಗಿದ, ಒಂದು ಗಂಟು, ಎರಡು, ಮೂರು. ಅಜ್ಜಿ ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದರು.

"ನೋಡಮ್ಮಿ, ನೋಡು! ಈ ಟಿವಿ ಗಂಡು ಆಗ್ಲೇ ಒಬ್ಳಿಗೆ ಕಟ್ಟಿ, ಈಗ ಎರಡ್ನೇದು ಕಟ್ತಾವ್ನೆ! ತಡ ಮಾಡಿದ್ರೂ ಆ ಸಿಲೇಟಿನ ಗಂಡೇ ವಾಸಿ ಕಣಮ್ಮಿ, ಒಂದೇ ಕಟ್ದ."